ಉನ್ಮಾದವನ್ನು ಉಂಡವರ ಸಾಕ್ಷ್ಯ

ಸಾಕ್ಷಿಗಳ ಯೋಗ್ಯತೆಯನ್ನು ನಿರೂಪಿಸುವ ಸಂದರ್ಭದಲ್ಲಿ ಯಾಜ್ಞವಲ್ಕ್ಯಸ್ಮೃತಿಯು ಸಾಕ್ಷ್ಯಕ್ಕೆ ಅನರ್ಹರಾದವರ ಒಂದು ಪಟ್ಟಿಯನ್ನು ಕೊಡುತ್ತದೆ. ಬಾಲರು, ವೃದ್ಧರು, ಜೂಜುಗಾರರು, ಮದ್ಯಪಾನದಿಂದ ಮತ್ತರಾದವರು ಮೊದಲಾದವರ ಸಾಲಿನಲ್ಲಿಯೇ ಉನ್ಮತ್ತನೂ ಬಂದಿರುವನು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣಪಟ್ಟಣದಲ್ಲಿದ್ದು ಆ ಸ್ಮೃತಿಗೆ ಮಿತಾಕ್ಷರೆಯೆಂಬ ಟೀಕೆಯನ್ನು ರಚಿಸಿದ ವಿಜ್ಞಾನೇಶ್ವರನ ಮೂಲಕ ಈ ನಿಯಮಗಳು ದೇಶದ ಬಹುಭಾಗದಲ್ಲಿ ಪ್ರಸಿದ್ಧವಾದುವು. ಸಾಲದ ವ್ಯಾಜ್ಯದಲ್ಲಿಯೋ ಹೊಲದ ಎಲ್ಲೆಯ ವ್ಯಾಜ್ಯದಲ್ಲಿಯೋ ಬುದ್ಧಿಭ್ರಮಣೆಯಾದವನ ಮಾತನ್ನು ಪ್ರಮಾಣವಾಗಿ ಹಿಡಿಯಲಾಗದೆಂಬುದು ಸಹಜವಾದ ಎಚ್ಚರಿಕೆಯೇ ಸರಿ. ಆದರೆ ವಿವಾದದ ವಿಷಯವು ಉನ್ಮಾದವೇ ಆದರೆ? ಆ ಸ್ಥಿತಿಯೊಳಗೆ ಏನು ನಡೆಯುತ್ತದೆ, ಅಲ್ಲಿ ಇರುವವನಿಗೆ ಯಾವುದು ಗಾಯ, ಯಾವುದು ಮದ್ದು ಎಂಬ ಪ್ರಶ್ನೆಯೇ ಎದ್ದರೆ, ಅಲ್ಲಿಗೆ ಹೋಗಿ ಬಂದವನನ್ನು ಬಿಟ್ಟು ಯಾರನ್ನು ಕೇಳಬೇಕು?

ಈ ಶಂಕೆಗೆ ಧರ್ಮಶಾಸ್ತ್ರಕ್ಕಿಂತ ನ್ಯಾಯಶಾಸ್ತ್ರದಲ್ಲಿ ಹೆಚ್ಚು ಸಮರ್ಪಕವಾದ ಉತ್ತರವು ದೊರೆಯುವುದು. ಗೌತಮನ ಸೂತ್ರದಂತೆ ಆಪ್ತನ ಉಪದೇಶವೇ ಶಬ್ದಪ್ರಮಾಣ. ಆಪ್ತನಾರೆಂಬುದನ್ನು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸುತ್ತ, ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಇತರರಿಗೆ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದೂ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾದುದೆಂದೂ ಹೇಳಿರುವನು. ಇಲ್ಲಿ ಕುಲದ ಮಾತಿಲ್ಲ, ಪಾಂಡಿತ್ಯದ ಮಾತಿಲ್ಲ; ಬೇಕಾದುವು ಎರಡೇ: ನೇರವಾದ ಅರಿವು, ಮರೆಮಾಚದ ಮನಸ್ಸು. ಈ ಅಳತೆಯಿಂದ ನೋಡಿದರೆ ಉನ್ಮಾದದ ಒಳಗಿನ ವಿಷಯದಲ್ಲಿ ವೈದ್ಯನಿಗಿರುವುದು ಅನುಮಾನಜ್ಞಾನ, ರೋಗಿಗಿರುವುದು ಪ್ರತ್ಯಕ್ಷ. ಅನುಮಾನವು ಕೀಳೆಂದು ನಾವು ಹೇಳುವುದಿಲ್ಲ. ಹೊಗೆಯಿಂದ ಬೆಂಕಿಯನ್ನು ತಿಳಿಯುವವನು ಬೆಂಕಿಯನ್ನಾರಿಸಬಲ್ಲನು. ಆದರೂ ಸುಟ್ಟುಕೊಂಡವನನ್ನು ಅವನು ಒಂದು ಮಾತು ಕೇಳುವುದರಲ್ಲಿ ನಷ್ಟವೇನೂ ಇಲ್ಲ.

ಕಳೆದ ಕೆಲವು ದಶಕಗಳಿಂದ ಅನೇಕ ದೇಶಗಳಲ್ಲಿ ಮನೋರೋಗವನ್ನು ತಾವು ಅನುಭವಿಸಿ ಚೇತರಿಸಿಕೊಂಡವರನ್ನು ಅದೇ ಸಂಕಟದಲ್ಲಿರುವ ಇತರರ ನೆರವಿಗೆ ನಿಯಮಿಸುವ ಪದ್ಧತಿಯು ಬೆಳೆದುಬಂದಿದೆ. ಇದನ್ನು ಪೀರ್ ಸಪೋರ್ಟ್ ಎಂದು ಕರೆಯುವರು. ನಾವು ಈ ಲೇಖನದಲ್ಲಿ ಸಮದುಃಖಿಗಳ ನೆರವು ಎನ್ನೋಣ. ಇದನ್ನು ಸಮರ್ಥಿಸುವವರು ಬಹುಮಟ್ಟಿಗೆ ಕರುಣೆಯ ಭಾಷೆಯಲ್ಲಿ ಮಾತನಾಡುವರು. ನಮಗೆ ತೋರುವಂತೆ ಇದು ಕರುಣೆಯ ಪ್ರಶ್ನೆಗಿಂತ ಮೊದಲು ಪ್ರಮಾಣದ ಪ್ರಶ್ನೆ. ಅದನ್ನು ಪರೀಕ್ಷಿಸಲು ಸಮದುಃಖಿಗಳು ಬರೆದ ಗ್ರಂಥಗಳಿಗಿಂತ ಒಳ್ಳೆಯ ಸಾಮಗ್ರಿಯಿಲ್ಲ. ಅಂತಹ ಮೂರನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇವೆ.

ಮೊದಲನೆಯದು ಜಾನ್ ಪರ್ಸಿವಲ್ ಎಂಬ ಆಂಗ್ಲನದು. ಇವನ ತಂದೆಯಾದ ಸ್ಪೆನ್ಸರ್ ಪರ್ಸಿವಲ್ ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿದ್ದು ೧೮೧೨ರಲ್ಲಿ ಪಾರ್ಲಿಮೆಂಟಿನ ಆವರಣದಲ್ಲಿಯೇ ಗುಂಡೇಟಿನಿಂದ ಸತ್ತನು. ಮಗನು ಕೆಲವು ಕಾಲ ಸೈನ್ಯಾಧಿಕಾರಿಯಾಗಿದ್ದು, ಅದನ್ನು ಬಿಟ್ಟು, ತೀವ್ರವಾದ ಧರ್ಮಾವೇಶಕ್ಕೆ ಒಳಗಾಗಿ, ೧೮೩೦ರ ಕೊನೆಯಲ್ಲಿ ಬುದ್ಧಿಸ್ವಾಧೀನವನ್ನು ಕಳೆದುಕೊಂಡನು. ಬಂಧುಗಳು ಅವನನ್ನು ಬ್ರಿಸ್ಟಲ್ ನಗರದ ಬಳಿಯ ಬ್ರಿಸ್ಲಿಂಗ್ಟನ್ ಭವನದಲ್ಲಿಯೂ ಅನಂತರ ಸಸೆಕ್ಸ್ ಪ್ರಾಂತದ ಟೈಸ್‌ಹರ್ಸ್ಟ್ ಭವನದಲ್ಲಿಯೂ ೧೮೩೪ರವರೆಗೆ ಇರಿಸಿದರು. ಎರಡೂ ಶ್ರೀಮಂತರಿಗಾಗಿಯೇ ಇದ್ದ ಖಾಸಗಿ ಹುಚ್ಚಾಸ್ಪತ್ರೆಗಳು. ಬಿಡುಗಡೆಯಾದ ಮೇಲೆ ತನ್ನ ವೃತ್ತಾಂತವನ್ನು ೧೮೩೮ರಲ್ಲಿ ಹೆಸರಿಲ್ಲದೆಯೂ, ೧೮೪೦ರಲ್ಲಿ ಹೆಸರು ಹಾಕಿಯೂ, ಎರಡು ಗ್ರಂಥಗಳಾಗಿ ಪ್ರಕಟಿಸಿದನು. ಒಂದು ಶತಮಾನಕ್ಕೂ ಮೀರಿ ಅವು ಧೂಳಿನಲ್ಲಿದ್ದು, ೧೯೬೧ರಲ್ಲಿ ಗ್ರೆಗರಿ ಬೇಟ್‌ಸನ್ ಎಂಬ ವಿದ್ವಾಂಸನು ಸಂಪಾದಿಸಿ ಹೊರತಂದಾಗ ಮತ್ತೆ ಓದುಗರ ಕಣ್ಣಿಗೆ ಬಿದ್ದುವು.

ಈ ಗ್ರಂಥದ ಪ್ರಾಣವು ಅದರ ಅಂತರ್ದೃಷ್ಟಿಯಲ್ಲಿದೆ. ಪರ್ಸಿವಲನಿಗೆ ಧ್ವನಿಗಳು ಕೇಳಿಸುತ್ತಿದ್ದುವು. ಅವು ಅಪ್ಪಣೆ ಮಾಡುತ್ತಿದ್ದುವು. ಅಪ್ಪಣೆಯಂತೆ ನಡೆಯದಿದ್ದರೆ ಮಹಾಪಾಪವೆಂಬ ಭಯದಿಂದ ಅವನು ನೆಲಕ್ಕೆ ಬೀಳುವನು, ಹೊರಳಾಡುವನು. ಕಾವಲುಗಾರರು ಕಂಡದ್ದು ರಂಪವನ್ನು. ಅವನ ಕಡೆಯಿಂದ ಅದು ವಿಧೇಯತೆ. ಚೇತರಿಸಿಕೊಳ್ಳುತ್ತ ಬಂದಂತೆ ಅವನಿಗೆ ಒಂದು ಸಂಗತಿಯು ಹೊಳೆಯಿತು. ಆ ಧ್ವನಿಗಳು ಹೇಳಿದ್ದು ಕವಿಯ ಮಾತಿನಂತೆ, ಪರಿಹಾಸದ ಮಾತಿನಂತೆ. ತಾನು ಅದನ್ನು ಅಕ್ಷರಶಃ ಹಿಡಿದುದೇ ತನ್ನ ಭ್ರಾಂತಿಯ ಮೂಲ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಲಕ್ಷಣೆಯಿಂದಲೂ ವ್ಯಂಜನೆಯಿಂದಲೂ ತಿಳಿಯಬೇಕಾದುದನ್ನು ಅವನು ಅಭಿಧೆಯಿಂದ ತಿಳಿದನು. ಗಂಗೆಯ ಮೇಲೆ ಹಳ್ಳಿಯಿದೆಯೆಂದರೆ ನಾವು ದಡವನ್ನು ನೋಡುವೆವು. ಅವನು ನೀರಿಗಿಳಿದು ಹಳ್ಳಿಯನ್ನು ಹುಡುಕುತ್ತಿದ್ದನು. ರೋಗದ ಸ್ವರೂಪವನ್ನು ಕುರಿತು ಇಷ್ಟು ಸೂಕ್ಷ್ಮವಾದ ಮಾತನ್ನು ಆ ಕಾಲದ ವೈದ್ಯಗ್ರಂಥಗಳಲ್ಲಿ ಹುಡುಕುವುದು ಸುಲಭವಲ್ಲ. ಹೊರಗಿನಿಂದ ನೋಡಿದವನಿಗೆ ಬೀಳುವುದು ಕಾಣುತ್ತದೆ, ಹೊರಳುವುದು ಕಾಣುತ್ತದೆ. ವಾಕ್ಯವನ್ನು ಯಾವ ಶಕ್ತಿಯಿಂದ ಅರ್ಥಮಾಡಿಕೊಂಡನೆಂಬುದು ಕಾಣುವುದಿಲ್ಲ.

ಅವನ ದೂರುಗಳಲ್ಲಿ ಕಟ್ಟಿಹಾಕಿದುದು, ತಣ್ಣೀರಿನ ಸ್ನಾನ, ರಕ್ತಸ್ರಾವ ಇವೆಲ್ಲ ಬಂದಿರುವುವು. ಆದರೆ ಅವನನ್ನು ಹೆಚ್ಚಾಗಿ ನೋಯಿಸಿದುದು ಬೇರೆಯೇ. ಏನನ್ನು ಮಾಡುವಾಗಲೂ ಯಾರೂ ಅವನಿಗೆ ಕಾರಣವನ್ನು ಹೇಳಲಿಲ್ಲ, ಒಪ್ಪಿಗೆಯನ್ನು ಕೇಳಲಿಲ್ಲ. ಇಚ್ಛೆಯಿಲ್ಲದ ಮರದ ಬೊಂಬೆಯೆಂಬಂತೆ ಎತ್ತಿ ಇಟ್ಟರು. ತಾನು ಎಲ್ಲಿದ್ದೇನೆ, ತನ್ನನ್ನು ಏಕೆ ತಂದರು ಎಂದು ಯಾರಾದರೂ ಮೊದಲೇ ತಿಳಿಸಿದ್ದರೆ ಭ್ರಾಂತಿಗೆ ಅಷ್ಟು ಎಡೆಯಿರುತ್ತಿರಲಿಲ್ಲವೆಂಬುದು ಅವನ ವಾದ. ಇದನ್ನು ಕೇವಲ ಮಾನಾಪಮಾನದ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಸುತ್ತಲಿನವರ ಮೌನವನ್ನು ಧ್ವನಿಗಳು ತುಂಬಿದುವೆಂಬ ಇದು ಚಿಕಿತ್ಸೆಗೆ ಸಂಬಂಧಪಟ್ಟ ಸಂಗತಿ.

ಗ್ರಂಥದಲ್ಲಿ ದೋಷಗಳಿಲ್ಲದಿಲ್ಲ. ತಾಯಿಯ ಮೇಲಿನ ಮತ್ತು ಸೋದರರ ಮೇಲಿನ ಸಿಟ್ಟು ಪುಟ ಪುಟಗಳನ್ನು ನುಂಗಿದೆ. ಎರಡನೆಯ ಸಂಪುಟದಲ್ಲಿ ಲೇಖಕನು ಫಿರ್ಯಾದಿಯಾಗಿ ಓದುಗನನ್ನು ನ್ಯಾಯಾಧೀಶನ ಪೀಠದ ಮೇಲೆ ಕೂಡಿಸಿ ಏಳಗೊಡಿಸುವುದಿಲ್ಲ. ಆದರೂ ಅವನ ಸಿಟ್ಟು ಪುಸ್ತಕದಲ್ಲಿಯೇ ನಿಲ್ಲಲಿಲ್ಲ. ತನ್ನಂತೆಯೇ ಬಂಧನವನ್ನು ಕಂಡ ಕೆಲವರೊಡನೆ ಸೇರಿ, ೧೮೪೫ರಲ್ಲಿ, ಉನ್ಮತ್ತರೆನಿಸಿಕೊಂಡವರ ಮಿತ್ರಸಂಘವೊಂದನ್ನು ಸ್ಥಾಪಿಸಿ ಅದರ ಗೌರವ ಕಾರ್ಯದರ್ಶಿಯಾದನು. ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯಲ್ಲಿ ಬಂಧಿಯಾಗಿದ್ದ ಒಬ್ಬನ ಕವಿತೆಗಳನ್ನು ೧೮೫೧ರಲ್ಲಿ ತಾನೇ ಪ್ರಕಟಿಸಿದನು. ೧೮೫೯ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ಕೊಡುವಾಗ, ಮಹಾರಾಣಿಯವರ ಸಮಸ್ತ ಉನ್ಮತ್ತರಿಗೂ ತಾನು ಅಟಾರ್ನಿ ಜನರಲ್ ಎಂದು ಹೇಳಿಕೊಂಡನಂತೆ. ಯಾಜ್ಞವಲ್ಕ್ಯನ ಪಟ್ಟಿಯಿಂದ ಹೊರಬಿದ್ದವನು ಸಾಕ್ಷಿಯಾಗಿ ನಿಂತುದಲ್ಲದೆ ವಕೀಲನೂ ಆಗಿಬಿಟ್ಟನು!

ಎರಡನೆಯ ಗ್ರಂಥವು ಇದಕ್ಕಿಂತ ಹೆಚ್ಚು ಪ್ರಸಿದ್ಧವಾದುದು. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ೧೮೭೬ರಲ್ಲಿ ನ್ಯೂಹೇವನ್ ನಗರದಲ್ಲಿ ಹುಟ್ಟಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನು ಪಡೆದವನು. ಅಪಸ್ಮಾರದಿಂದ ನರಳಿದ ಅಣ್ಣನ ಗತಿಯೇ ತನಗೂ ಬರುವುದೆಂಬ ಭಯವು ಬೆಳೆದು, ೧೯೦೦ರಲ್ಲಿ ಮನೆಯ ಕಿಟಕಿಯಿಂದ ಕೆಳಕ್ಕೆ ಬಿದ್ದನು. ಜೀವವುಳಿಯಿತು. ಅಲ್ಲಿಂದ ೧೯೦೩ರವರೆಗೆ ಮೂರು ಆಸ್ಪತ್ರೆಗಳನ್ನು ಕಂಡನು. ಅವನ ವೃತ್ತಾಂತವು ೧೯೦೮ರಲ್ಲಿ ಎ ಮೈಂಡ್ ದಟ್ ಫೌಂಡ್ ಇಟ್‌ಸೆಲ್ಫ್ ಎಂಬ ಹೆಸರಿನಿಂದ ಪ್ರಕಟವಾಯಿತು. ಹಸ್ತಪ್ರತಿಯನ್ನು ಓದಿ ಮೆಚ್ಚಿದ ತತ್ತ್ವಜ್ಞ ವಿಲಿಯಂ ಜೇಮ್ಸನ ಪತ್ರವನ್ನು ಗ್ರಂಥದೊಡನೆಯೇ ಅಚ್ಚುಮಾಡಿದ್ದಾರೆ.

ಈ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ಕೀಲಿಕೈಯಂತಿರುವ ಪ್ರಸಂಗವು ಒಂದಿದೆ. ಎರಡು ವರ್ಷಗಳಿಗೂ ಮೀರಿ ಬಿಯರ್ಸನು ತನ್ನ ಸುತ್ತಲಿನವರೆಲ್ಲ ಪತ್ತೇದಾರರೆಂದೂ, ತನ್ನನ್ನು ನೋಡಲು ಬರುವ ಅಣ್ಣನು ಅಣ್ಣನ ವೇಷವನ್ನು ಹಾಕಿದ ಬೇರೊಬ್ಬನೆಂದೂ ನಂಬಿದ್ದನು. ವೈದ್ಯರು ಹೇಳಿದರೆ ಅವರೂ ಒಳಸಂಚಿನವರು; ಬಂಧುಗಳು ಕಣ್ಣೀರಿಟ್ಟರೆ ಅದೂ ನಾಟಕ. ಹೀಗಿರುವಾಗ ಯಾವ ಯುಕ್ತಿಯು ಒಳಹೊಕ್ಕೀತು? ೧೯೦೨ರ ಆಗಸ್ಟಿನಲ್ಲಿ, ಅದೇ ಆಸ್ಪತ್ರೆಯಲ್ಲಿ ಗುಣಮುಖನಾಗುತ್ತಿದ್ದ, ಹೊರಗೆ ತಿರುಗಾಡಲು ಅನುಮತಿಯಿದ್ದ ಇನ್ನೊಬ್ಬ ರೋಗಿಯಲ್ಲಿ ಅವನಿಗೆ ವಿಶ್ವಾಸ ಹುಟ್ಟಿತು. ಆ ಗೆಳೆಯನು ವಾದಕ್ಕೆ ಹೋಗಲಿಲ್ಲ. ನಗರದ ವಿಳಾಸಪುಸ್ತಕವನ್ನು ನೋಡಿಬಂದು, ನಿನ್ನ ಅಣ್ಣನ ವಿಳಾಸವು ಇಂತಹುದೆಂದು ತಿಳಿಸಿದನಷ್ಟೆ. ಆಗ ಬಿಯರ್ಸನು ತಾನೇ ಒಂದು ಪರೀಕ್ಷೆಯನ್ನು ಕಲ್ಪಿಸಿದನು. ಆ ವಿಳಾಸಕ್ಕೆ ಗುಟ್ಟಾಗಿ ಕಾಗದವನ್ನು ಬರೆದು, ನೀನು ನಿಜವಾಗಿ ನನ್ನ ಅಣ್ಣನೇ ಆಗಿದ್ದರೆ ಬರುವಾಗ ಈ ಕಾಗದವನ್ನೇ ರಹದಾರಿಯಾಗಿ ಕೈಯಲ್ಲಿ ಹಿಡಿದು ಬಾ ಎಂದು ತಿಳಿಸಿದನು. ಅಣ್ಣನು ಬಂದನು, ಕಾಗದವನ್ನು ಮುಂದೆ ಹಿಡಿದನು. ಎರಡು ವರ್ಷಗಳ ಭ್ರಾಂತಿಯು ಆ ಕ್ಷಣದಲ್ಲಿ ಹರಿಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಸಮದುಃಖಿಗೆ ಬಿಯರ್ಸನ ಭ್ರಾಂತಿಯ ಸ್ವಾನುಭವವಿತ್ತೆಂದು ಗ್ರಂಥವು ಹೇಳುವುದಿಲ್ಲ. ಆದುದರಿಂದ ಅವನ ಮಾತಿಗೆ ಬೆಲೆ ಬಂದುದು ಒಂದೇ ರೋಗವನ್ನುಂಡ ಕಾರಣದಿಂದಲ್ಲ. ಬೀಗದ ಅದೇ ಪಕ್ಕದಲ್ಲಿ ಅವನೂ ನಿಂತಿದ್ದನು. ಬಿಯರ್ಸನು ನಂಬಿದರೂ ನಂಬದಿದ್ದರೂ ಅವನಿಗೆ ಲಾಭವಿರಲಿಲ್ಲ. ವೈದ್ಯನ ಮಾತಿನ ಹಿಂದೆ ಬೀಗದ ಕೈಯಿತ್ತು. ಬಂಧುವಿನ ಮಾತಿನ ಹಿಂದೆ ಒಪ್ಪಿಗೆಪತ್ರವಿತ್ತು. ಗೆಳೆಯನ ಮಾತಿನ ಹಿಂದೆ ಏನೂ ಇರಲಿಲ್ಲ. ಮರೆಮಾಚದ ಮನಸ್ಸೆಂದು ವಾತ್ಸ್ಯಾಯನನ ಲಕ್ಷಣದಿಂದ ನಾವು ತೆಗೆದ ಎರಡನೆಯ ಅಂಶವು ಇದೇ. ಹೀಗೆ ಸಮದುಃಖಿಯ ಬೆಲೆಯು ಎರಡು ಕಾಲುಗಳ ಮೇಲೆ ನಿಂತಿದೆ: ಒಂದು ಅವನ ಅರಿವು, ಇನ್ನೊಂದು ಅವನ ಸ್ಥಾನ. ಪರ್ಸಿವಲನ ಗ್ರಂಥವು ಮೊದಲನೆಯದಕ್ಕೆ ಸಾಕ್ಷಿ, ಬಿಯರ್ಸನದು ಎರಡನೆಯದಕ್ಕೆ. ಈ ಎರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಈ ಕಾಲದ ಯೋಜನೆಗಳಲ್ಲಿ ಬಹುತೇಕ ಗೊಂದಲಗಳು ಹುಟ್ಟಿರುವುವು.

ಆ ದಿನದಿಂದ ಬಿಯರ್ಸನು ಗುಣವಾದನೆಂದು ಓದುಗರು ತಿಳಿಯಬಾರದು. ಕುಗ್ಗು ಹೋಗಿ ಉಬ್ಬು ಬಂದಿತು. ಉತ್ಸಾಹವು ಎಲ್ಲೆ ಮೀರಿ, ಕಟ್ಟುವ ಅಂಗಿಯನ್ನೂ ಚಳಿಯ ಕೋಣೆಯನ್ನೂ ಅವನು ಕಂಡದ್ದು ಅನಂತರವೇ. ಗ್ರಂಥದ ಅತ್ಯಂತ ಜೀವಂತವಾದ ಭಾಗವೂ ಅದೇ. ಆದರೆ ಕೊನೆಯ ಅಧ್ಯಾಯಗಳಿಗೆ ಬಂದಾಗ ಬರಹವು ಬಾಡುತ್ತದೆ. ಅಲ್ಲಿ ಮಾತನಾಡುವವನು ರೋಗಿಯಲ್ಲ, ಸಂಘದ ಸಂಚಾಲಕನು. ಗಣ್ಯರ ಶಿಫಾರಸುಗಳು ಸಾಲುಗಟ್ಟಿ ಬರುವುವು. ೧೯೦೮ರಲ್ಲಿ ಕನೆಕ್ಟಿಕಟ್ ಪ್ರಾಂತದಲ್ಲಿಯೂ ೧೯೦೯ರಲ್ಲಿ ದೇಶಕ್ಕೆಲ್ಲ ಸೇರಿದಂತೆಯೂ ಅವನು ಕಟ್ಟಿದ ಸಂಘಗಳಿಗೆ ಮಾನಸಿಕ ಆರೋಗ್ಯ ಎಂಬರ್ಥದ ಹೆಸರನ್ನು ಸೂಚಿಸಿದವನು ಅಡಾಲ್ಫ್ ಮೇಯರ್ ಎಂಬ ವೈದ್ಯನು. ಕೆಲವು ವರ್ಷಗಳಲ್ಲಿಯೇ ಸಂಘದ ಚುಕ್ಕಾಣಿಯು ವೈದ್ಯರ ಕೈಸೇರಿತು. ಆಸ್ಪತ್ರೆಯ ಒಳಗಿರುವವರ ದುಃಖಕ್ಕಿಂತ ಹೊರಗಿರುವವರಿಗೆ ರೋಗ ಬಾರದಂತೆ ನೋಡಿಕೊಳ್ಳುವುದೇ ಮುಖ್ಯೋದ್ದೇಶವಾಯಿತು. ಒಬ್ಬ ರೋಗಿಯ ಅನುಭವದಿಂದ ತೆರೆದ ಬಾಗಿಲಿನಲ್ಲಿ ಇತರ ರೋಗಿಗಳಿಗೆ ಪ್ರವೇಶವು ದೊರೆಯಲಿಲ್ಲ. ಬಿಯರ್ಸನು ೧೯೩೯ರಲ್ಲಿ ತಾನಾಗಿಯೇ ಮತ್ತೊಂದು ಮಾನಸಿಕ ಆಸ್ಪತ್ರೆಯನ್ನು ಸೇರಿ ೧೯೪೩ರಲ್ಲಿ ಅಲ್ಲಿಯೇ ತೀರಿಕೊಂಡನು.

ಮೂರನೆಯ ಗ್ರಂಥಕರ್ತೃವಾದ ಜೂಡಿ ಚೇಂಬರ್ಲಿನ್ ಎಂಬಾಕೆಯು ಈ ಇತಿಹಾಸದಿಂದ ಪಾಠವನ್ನು ಕಲಿತಂತೆ ಬರೆಯುವಳು. ಗರ್ಭಸ್ರಾವದ ಶೋಕದಿಂದ ೧೯೬೬ರಲ್ಲಿ ಆಸ್ಪತ್ರೆಯನ್ನು ಸೇರಿದ ಈಕೆಯು ಅಲ್ಲಿ ತನ್ನ ಇಚ್ಛೆಗೆ ವಿರುದ್ಧವಾಗಿಯೂ ಇರಬೇಕಾಯಿತು. ೧೯೭೮ರಲ್ಲಿ ಹೊರಬಂದ ಆನ್ ಅವರ್ ಓನ್ ಎಂಬ ಗ್ರಂಥದಲ್ಲಿ ಈಕೆಯು ರೋಗಿಗಳ ನೆರವಿಗೆಂದು ಹುಟ್ಟಿದ ಸಂಸ್ಥೆಗಳನ್ನು ಮೂರಾಗಿ ವಿಂಗಡಿಸುವಳು: ವೃತ್ತಿಪರರು ರೋಗಿಗಳನ್ನು ಪಾಲುದಾರರೆಂದು ಕರೆದು ತಾವೇ ನಡೆಸುವುವು, ರೋಗಿಗಳೂ ಇತರ ಸಾಮಾನ್ಯರೂ ಸಮಾನವಾಗಿ ಸೇರಿ ನಡೆಸುವುವು, ರೋಗಿಗಳಾಗಿದ್ದವರೇ ಪ್ರತ್ಯೇಕವಾಗಿ ನಡೆಸುವುವು. ಮೊದಲನೆಯ ಬಗೆಯಲ್ಲಿ ಪಾಲುದಾರಿಕೆಯು ಹೆಸರಿಗೆ ಮಾತ್ರವೆಂಬುದು ಆಕೆಯ ಆಕ್ಷೇಪ. ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ, ಆಸ್ಪತ್ರೆಯಲ್ಲದ ಒಂದು ಆಶ್ರಯದಲ್ಲಿ, ವೈದ್ಯರಲ್ಲದವರ ನಡುವೆ ತನ್ನ ಸಂಕಟಕಾಲವನ್ನು ದಾಟಿದುದನ್ನು ಆಕೆಯು ವರ್ಣಿಸಿರುವ ಪುಟಗಳು ಸೊಗಸಾಗಿವೆ. ಉಳಿದೆಡೆಗಳಲ್ಲಿ ವಾದವು ನಿಚ್ಚಳವಾದಷ್ಟೂ ಅನುಭವವು ತೆಳುವಾಗಿ, ಉದಾಹರಣೆಯ ಮಟ್ಟಕ್ಕೆ ಇಳಿಯುತ್ತದೆ. ಔಷಧದಿಂದ ನಿಜವಾಗಿ ಉಪಕಾರವನ್ನು ಹೊಂದಿದವರ ಸಾಕ್ಷ್ಯಕ್ಕೆ ಈ ಗ್ರಂಥದಲ್ಲಿ ಸಾಕಷ್ಟು ಎಡೆಯಿಲ್ಲವೆಂಬುದೂ ನಮ್ಮ ಅಭಿಪ್ರಾಯ. ಸಮದುಃಖಿಗಳೆಲ್ಲರ ದುಃಖವೂ ಒಂದೇ ಬಗೆಯದೆಂದು ಯಾರು ಹೇಳಿದರು?

ಇನ್ನು ಪೂರ್ವಪಕ್ಷವನ್ನು ನೋಡೋಣ. ಚರಕನು ಉನ್ಮಾದವನ್ನು ಲಕ್ಷಣೀಕರಿಸುವಾಗ ಮನಸ್ಸು ಬುದ್ಧಿಗಳೊಡನೆ ಸ್ಮೃತಿಯ ವಿಭ್ರಮವನ್ನೂ ಹೇಳಿರುವನು. ಸ್ಮೃತಿಯೇ ಕೆಟ್ಟವನ ಸ್ಮರಣಗ್ರಂಥವು ಪ್ರಮಾಣವಾಗುವುದು ಹೇಗೆ? ಇದು ಬಲವಾದ ಆಕ್ಷೇಪ. ಆದರೆ ೧೮೭೨ರ ಭಾರತೀಯ ಸಾಕ್ಷ್ಯ ಕಾಯಿದೆಯು ಇದಕ್ಕೆ ಸ್ಮೃತಿಕಾರರಿಗಿಂತ ಹದವಾದ ದಾರಿಯನ್ನು ತೋರಿಸಿತು. ಚಿತ್ತಸ್ವಾಸ್ಥ್ಯವಿಲ್ಲದವನೆಂಬ ಮಾತ್ರಕ್ಕೆ ಯಾವನೂ ಅನರ್ಹನಲ್ಲ. ಕೇಳಿದ ಪ್ರಶ್ನೆಯನ್ನು ತಿಳಿದು ಯುಕ್ತವಾದ ಉತ್ತರವನ್ನು ಕೊಡಲಾರದಷ್ಟು ರೋಗವಿದ್ದರೆ ಮಾತ್ರ ಅನರ್ಹನು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನೇ ಉಳಿಸಿಕೊಂಡಿದೆ. ಸಾಕ್ಷಿಯನ್ನು ಬಾಗಿಲಲ್ಲಿಯೇ ತಡೆಯುವುದು ಬೇರೆ, ಒಳಗೆ ಕರೆದು ಅವನ ಮಾತನ್ನು ತೂಗುವುದು ಬೇರೆ. ಪರ್ಸಿವಲನು ಹೊಡೆತಗಳನ್ನು ಎಣಿಸುವಲ್ಲಿ ತಪ್ಪಿರಬಹುದು. ಏನೂ ತಿಳಿಸದೆ ತನ್ನನ್ನು ಎತ್ತಿ ಇಟ್ಟಾಗ ಹೇಗಾಯಿತೆಂಬುದನ್ನು ಹೇಳುವಲ್ಲಿ ತಪ್ಪುವುದು ಹೇಗೆ? ಇದಕ್ಕಿಂತ ತೊಡಕಿನ ಆಕ್ಷೇಪವು ಇನ್ನೊಂದಿದೆ. ಗ್ರಂಥ ಬರೆದವರು ಚೇತರಿಸಿಕೊಂಡವರು, ಓದುಬರಹ ಬಲ್ಲವರು. ಮೊದಲಿನ ಇಬ್ಬರಂತೂ ಒಳ್ಳೆಯ ಮನೆತನದ ಗಂಡಸರು. ಗುಣವಾಗದೆ ಉಳಿದವರ, ಬಡವರ ಸಾಕ್ಷ್ಯವನ್ನು ಇವರ ಬಾಯಿಂದ ಕೇಳಿದೆವೆಂದು ಭಾವಿಸುವುದು ಸಲ್ಲದು.

ಸಂಖ್ಯೆಗಳನ್ನು ನಂಬುವವರಿಗಾಗಿ ಕೆಲವು ಸಂಖ್ಯೆಗಳನ್ನೂ ಹೇಳಬಹುದು. ೨೦೧೩ರಲ್ಲಿ ಕಾಕ್ರೇನ್ ಸಂಸ್ಥೆಯು ಪ್ರಕಟಿಸಿದ ಸಮೀಕ್ಷೆಯು ೧೧ ಪ್ರಯೋಗಗಳಿಂದ ೨,೭೯೬ ಜನರ ವಿವರಗಳನ್ನು ಪರಿಶೀಲಿಸಿ, ವೃತ್ತಿಪರರ ಸ್ಥಾನದಲ್ಲಿ ಸಮದುಃಖಿಗಳನ್ನು ನಿಯಮಿಸಿದರೆ ಫಲವು ಹೆಚ್ಚೂ ಕಡಮೆ ಒಂದೇ ಎಂದು ತೀರ್ಮಾನಿಸಿತು. ೨೦೧೮ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಪ್ರಯೋಗವು ಬೇರೆ ರೀತಿಯದು. ತೀವ್ರ ಚಿಕಿತ್ಸೆಯನ್ನು ಮುಗಿಸಿದ ೪೪೧ ಜನರಲ್ಲಿ ಅರ್ಧದಷ್ಟು ಮಂದಿಗೆ ಚೇತರಿಕೆಯ ಕೈಪಿಡಿಯನ್ನು ಅಂಚೆಯಲ್ಲಿ ಕಳುಹಿಸಿದರು. ಉಳಿದವರಿಗೆ ಅದೇ ಕೈಪಿಡಿಯೊಡನೆ ಸಮದುಃಖಿಯ ಜೊತೆಯನ್ನೂ ಕೊಟ್ಟರು. ವರ್ಷದೊಳಗೆ ಮತ್ತೆ ತೀವ್ರ ಚಿಕಿತ್ಸೆ ಬೇಕಾದವರು ಮೊದಲ ಗುಂಪಿನಲ್ಲಿ ನೂರಕ್ಕೆ ೩೮, ಎರಡನೆಯದರಲ್ಲಿ ನೂರಕ್ಕೆ ೨೯. ನಮಗೆ ಈ ಎರಡು ಪ್ರಯೋಗಗಳ ಭೇದವು ಅವುಗಳ ಸಂಖ್ಯೆಗಳಿಗಿಂತ ಮುಖ್ಯವಾಗಿ ತೋರುತ್ತದೆ. ಸಮದುಃಖಿಯನ್ನು ಇನ್ನೊಬ್ಬರ ಕುರ್ಚಿಯಲ್ಲಿ ಕೂಡಿಸಿದರೆ ಅವನು ಆ ಕುರ್ಚಿಯ ಕೆಲಸವನ್ನು ಮಾಡುವನು. ಅವನದೇ ಸ್ಥಾನದಲ್ಲಿ ಇರಗೊಟ್ಟರೆ ಅವನಿಂದ ಮಾತ್ರ ಆಗುವುದು ಆಗುವುದು.

ನಮ್ಮ ದೇಶದಲ್ಲಿ ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ೨೦೧೮ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಅದಕ್ಕೆ ಮೊದಲೇ ಗುಜರಾತಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿ ರೈಟ್ಸ್ ಕಾರ್ಯಕ್ರಮದ ಮೂಲಕ ಸಮದುಃಖಿಗಳು ರೋಗಿಗಳ ನೆರವಿಗೆ ನಿಂತುದುಂಟು. ಇಂತಹ ಕೆಲಸಕ್ಕೆ ಸಂಬಳವನ್ನು ಕೊಡುವುದು ನ್ಯಾಯವೇ. ಆದರೆ ಸಂಬಳದೊಡನೆ ದಿನಚರಿಯನ್ನು ಬರೆದು ವೈದ್ಯರಿಗೆ ಒಪ್ಪಿಸುವ ಕರ್ತವ್ಯವೂ, ಮಾತ್ರೆ ನುಂಗದವರ ಹೆಸರನ್ನು ತಿಳಿಸುವ ಕರ್ತವ್ಯವೂ ಸೇರಿಕೊಂಡರೆ, ವಿಳಾಸಪುಸ್ತಕವನ್ನು ನೋಡಿಬಂದ ಆ ಗೆಳೆಯನು ಬಿಯರ್ಸನ ಕಣ್ಣಿಗೆ ಮತ್ತೊಬ್ಬ ಪತ್ತೇದಾರನಾಗುವನು. ಅರಿವು ಉಳಿದೀತು, ಸ್ಥಾನವು ಹೋದೀತು. ಸಮದುಃಖಿಯು ಯಾರಿಗೆ ವರದಿ ಮಾಡುವನೆಂಬುದನ್ನು ನಿಯಮಿಸದೆ ಅವನನ್ನು ನೇಮಿಸುವ ಯಾವ ಯೋಜನೆಯೂ ಈ ಅಪಾಯದಿಂದ ಪಾರಾಗದು.

ಕಾಯಿದೆಯ ಪಾಠದಲ್ಲಿಯೂ ಒಂದು ಸಂಗತಿಯು ವಿಮರ್ಶೆಗೆ ಯೋಗ್ಯವಾಗಿದೆ. ಕೇಂದ್ರ ಪ್ರಾಧಿಕಾರದ ರಚನೆಯನ್ನು ಹೇಳುವಲ್ಲಿ, ಮನೋರೋಗವುಳ್ಳವರ ಅಥವಾ ಹಿಂದೆ ಇದ್ದವರ ಪ್ರತಿನಿಧಿಗಳಿಗೆ ಎರಡು ಸ್ಥಾನಗಳನ್ನೂ, ಆರೈಕೆ ಮಾಡುವವರ ಕಡೆಯವರಿಗೆ ಬೇರೆ ಎರಡನ್ನೂ, ಸ್ವಯಂಸೇವಾಸಂಸ್ಥೆಗಳಿಗೆ ಮತ್ತೆರಡನ್ನೂ ಪ್ರತ್ಯೇಕಿಸಿ ಕೊಟ್ಟಿದೆ. ಆದರೆ ರೋಗಿಯ ಬಂಧನ ಬಿಡುಗಡೆಗಳ ವಿಚಾರವು ಮುಂದೆ ಬರುವ ಪರಿಶೀಲನಾ ಮಂಡಳಿಗಳಲ್ಲಿ, ಆರು ಸ್ಥಾನಗಳ ಪೈಕಿ ಎರಡನ್ನು ರೋಗಿಗಳಿಗೆ, ಅಥವಾ ಆರೈಕೆ ಮಾಡುವವರಿಗೆ, ಅಥವಾ ಇವರ ಸಂಘಗಳ ಪ್ರತಿನಿಧಿಗಳಿಗೆ, ಅಥವಾ ಸ್ವಯಂಸೇವಾಸಂಸ್ಥೆಗಳಿಗೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದೆ. ಹೀಗಾಗಿ ರೋಗವನ್ನುಂಡ ಒಬ್ಬನೂ ಇಲ್ಲದ ಮಂಡಳಿಯು ಕಾಯಿದೆಗೆ ಅನುಗುಣವಾಗಿಯೇ ಕುಳಿತು ರೋಗಿಯ ಅರ್ಜಿಯನ್ನು ವಿಚಾರಿಸಬಹುದಾಗಿದೆ. ನಾಲ್ಕು ಪಂಗಡಗಳ ನಡುವೆ ಇಟ್ಟ ಈ "ಅಥವಾ" ಎಂಬ ಅವ್ಯಯವನ್ನು ತೆಗೆದು, ಎರಡರಲ್ಲಿ ಒಂದು ಸ್ಥಾನವನ್ನಾದರೂ ಉನ್ಮಾದವನ್ನು ತಾನೇ ಉಂಡವನಿಗೆ ಮೀಸಲಿಡಲು ಹೊಸ ಕಾಯಿದೆಯೇನೂ ಬೇಕಾಗಿಲ್ಲ. ಒಂದು ಸಾಲಿನ ತಿದ್ದುಪಡಿಯು ಸಾಕು.